ಮೊದಲು ಲಾಳ

ಬೇಕರಿಯ ರಾತ್ರಿ ಪಾಳಿ ಮುಗಿಸಿ
ಹುಬ್ಬಿನ ಮೇಲಿನ ಹಿಟ್ಟನ್ನೂ ಒರೆಸದೆ
ಟ್ರೆಯೋರ್ಕಿಯ ನನ್ನ ಗ್ಯಾರೇಜಿಗೆ ಬಂದ ಇಯೋಲೊ,
ಮೂರು ಕೈ ದಾಟಿದ ಕೆಂಪು ಹ್ಯಾಚ್‌ಬ್ಯಾಕಿನಲ್ಲಿ.
ಹತ್ತೊಂಬತ್ತು ವಯಸ್ಸು. ಇಳಿಯುವ ಮೊದಲೇ ಕೇಳಿದ:
"ಡೆಲಿತ್, ಇದಕ್ಕೆ ಇನ್ನೂ ಎಷ್ಟು ಕುದುರೆ ಕಟ್ಟಬಹುದು?"

ಈಗಿರುವುದು ನೂರ ಇಪ್ಪತ್ತೈದು.
ಎಣಿಸಿ ನೋಡಿದ್ದೀಯೇನೋ, ಅಂದೆ.
ಬಾನೆಟ್ ಎತ್ತಿದರೆ
ಅರ್ಧ ಕುಂಟುತ್ತಿವೆ, ಉಳಿದರ್ಧಕ್ಕೆ ಉಬ್ಬಸ.
ಏರ್ ಫಿಲ್ಟರಿನೊಳಗೆ ಒಣಗಿದ ಜರಿಗಿಡದ ಎಲೆ,
ಒಂದು ಕಣಜದ ಹೆಣ.
ಸ್ಪಾರ್ಕ್ ಪ್ಲಗ್ಗುಗಳು ನನ್ನ ಕೊನೆಯ ಹಲ್ಲುಗಳ ಹಾಗೆ.

ನನ್ನ ಅಜ್ಜ ಗಣಿಯೊಳಗೆ ಕುದುರೆ ನೋಡಿಕೊಳ್ಳುತ್ತಿದ್ದ.
ವರ್ಷಕ್ಕೊಂದು ವಾರ ಸೂರ್ಯನನ್ನು ಕಾಣುವ ಗಿಡ್ಡ ಕುದುರೆಗಳು,
ಕಲ್ಲಿದ್ದಲ ಬಂಡಿ ಎಳೆದೆಳೆದು ಹೆಗಲು ಸವೆದವು.
ಹೊಸದು ಬಂದರೆ ಎಲ್ಲರೂ ಎದೆ ನೋಡುವರಂತೆ, ತೊಡೆ ತಟ್ಟುವರಂತೆ;
ಅಜ್ಜ ಮಾತ್ರ ಕುಕ್ಕರಗಾಲಲ್ಲಿ ಕೂತು
ಗೊರಸು ಎತ್ತಿ ನೋಡುವನು.
"ನೆಲ ಹಿಡಿಯದ ಬಲ ಯಾರಪ್ಪನ ಮನೆ ಬಲ?"

ನಾನೂ ಕೂತೆ, ಮಂಡಿ ಲಟಕ್ಕೆಂದಿತು.
ನಾಲ್ಕು ಟೈರು, ನಾಲ್ಕು ಕಂಪನಿ, ನಾಲ್ಕು ಬಗೆಯ ಸುಳ್ಳು.
ನೋಡು, ರಸ್ತೆಗೆ ತಾಗುವುದು ಇಷ್ಟೇ,
ಚಕ್ರಕ್ಕೊಂದು ಅಂಗೈ.
ನಿನಗೂ ಬುಲ್ಕ್ ಬೆಟ್ಟಕ್ಕೂ ಇರುವ ಸಂಬಂಧವೆಲ್ಲ
ಈ ನಾಲ್ಕು ಅಂಗೈ ಕಣೋ.

ಬ್ರೇಕ್ ಎಣ್ಣೆ ಇಳಿಸಿದೆ: ಹಾಲಿಲ್ಲದ ಚಹಾದ ಬಣ್ಣ,
ಅದೂ ನಿನ್ನೆಯ ಚಹಾ.
ಇಳಿಜಾರಿನಲ್ಲಿ ಇದು ಕುದಿಯುತ್ತದೆ,
ಕುದಿದರೆ ಪೆಡಲು ಹತ್ತಿಯ ದಿಂಬು.
ಆ ದಿಂಬು ನಂಬಿದವರು
ಬೆಳಗ್ಗೆ ಏಳುವುದಿಲ್ಲ.

ಅವನ ಕಣ್ಣೆಲ್ಲ ಡಿಕ್ಕಿಯಲ್ಲಿದ್ದ ಪೆಟ್ಟಿಗೆಯ ಮೇಲೆ.
ಹೊಳೆಯುವ ಸೈಲೆನ್ಸರ್, ಬನ್ನು ತೂರುವಷ್ಟು ಅಗಲ ಬಾಯಿ,
ಸಾಲ ಮಾಡಿ ತಂದದ್ದು.
"ಇದನ್ನು ಹಾಕಿದರೆ ವೇಗ ಹೆಚ್ಚುತ್ತದಲ್ಲ?"
ಡೋಲು ದೊಡ್ಡದಾದರೆ
ಮೆರವಣಿಗೆ ಬೇಗ ಮುಟ್ಟುತ್ತದೆಯೇನೋ?

ಮುಖ ಊದಿಸಿಕೊಂಡೇ ದುಡ್ಡು ಎಣಿಸಿದ.
ಯೀಸ್ಟ್ ವಾಸನೆಯ ನೋಟು, ಮೂರು ವಾರದ ಸಂಬಳ:
ಒಂದೇ ಜಾತಿಯ ನಾಲ್ಕು ಟೈರು, ಹೊಸ ಪ್ಯಾಡು, ಹೊಸ ಎಣ್ಣೆ,
ಸವೆದ ಬುಷ್ಷುಗಳ ಜಾಗಕ್ಕೆ ಗಟ್ಟಿಯವು,
ಚಕ್ರಗಳ ಅಲೈನ್‌ಮೆಂಟು.
ಒಂದು ಕುದುರೆಯೂ ಹೆಚ್ಚಲಿಲ್ಲ.
ಥ್ಯಾಂಕ್ಸ್ ಕೂಡ ಹೇಳದೆ ಹೋದ.

ಅಕ್ಟೋಬರಿನ ಒಂದು ನಸುಕು
ಎಂಜಿನ್ ಆರಿಸದೆ, ಬಾಗಿಲು ಮುಚ್ಚದೆ
ಒಳಗೆ ಬಂದು ನಿಂತ.
ಬುಲ್ಕಿನ ಮೇಲೆ ಮಂಜಂತೆ. ಕುರುಡು ತಿರುವಂತೆ.
ಡಾಂಬರಿನ ಉಳಿದ ಕಾವಿಗೆ ರಸ್ತೆ ನಡುವೆ
ಹೊಟ್ಟೆ ಊರಿ ಮಲಗಿತ್ತಂತೆ ಒಂದು ಹೆಣ್ಣು ಕುರಿ.
ಕಾಲು ತಾನೇ ಒತ್ತಿತಂತೆ, ಕಾರು ನೆಟ್ಟಗೆ ನಿಂತಿತಂತೆ.
ಬಂಪರಿಗೂ ಅದರ ಮೂಗಿಗೂ ನಡುವೆ
"ಒಂದು ಬ್ರೆಡ್ಡಿನಷ್ಟು, ಡೆಲಿತ್. ಸಣ್ಣ ಬ್ರೆಡ್ಡು."
ಅದು ಮೆಲುಕು ನಿಲ್ಲಿಸಲಿಲ್ಲವಂತೆ.
ಏಳು ಎಂದು ಹಾರ್ನ್ ಹೊಡೆಯಬೇಕಾಯಿತಂತೆ.

ಬೆರಳು ಇನ್ನೂ ನಡುಗುತ್ತಿದ್ದವು.
ಚಹಾ ಕೊಟ್ಟೆ, ಸಕ್ಕರೆ ಮೂರು ಚಮಚ.
ಅರ್ಧ ಲೋಟ ಖಾಲಿಯಾಗುವಷ್ಟರಲ್ಲಿ ಬಣ್ಣ ಮರಳಿತು,
ಗೋಡೆಗೊರಗಿದ್ದ ಪೆಟ್ಟಿಗೆಯತ್ತ ಗದ್ದ ಎತ್ತಿದ:
"ಈಗಲಾದರೂ ಅದನ್ನು...?"

ಹತ್ತಿರ ಹೋಗಿ ನೋಡು, ಅಂದೆ. ಮೆಲ್ಲಗೆ.
ಸೈಲೆನ್ಸರಿನ ಪಕ್ಕದ ಹುಲ್ಲುಕಾಗದದಲ್ಲಿ
ಗ್ಯಾರೇಜಿನ ಬೆಕ್ಕು ಮೂರು ಹಾಕಿದೆ.
ಅವಕ್ಕೆ ಕಣ್ಣು ಬರಲಿ ಮಾರಾಯ,
ಆಮೇಲೆ ನಿನ್ನ ಡೋಲು.